ಮೊದಲು ನೀರಿನ ಲೆಕ್ಕ, ಆಮೇಲೆ ಲೇಔಟ್

ನಾನಿರುವುದು ಪುಣೆಯಲ್ಲಿ. ಇಲ್ಲಿಂದ ಅಹಮದ್‌ನಗರದ (ಈಗ ಅಹಿಲ್ಯಾನಗರ) ಕಡೆ ಹೋದರೆ ಹಿವರೆ ಬಾಜಾರ್ ಎಂಬ ಹಳ್ಳಿ ಸಿಗುತ್ತದೆ. ಬರದ ಸೀಮೆ. ವರ್ಷಕ್ಕೆ ಬೀಳುವುದು ಸುಮಾರು 400 ಮಿಲಿಮೀಟರ್ ಮಳೆ. ಮಳೆಗಾಲ ಮುಗಿದ ಮೇಲೆ ಊರವರು ಗ್ರಾಮಸಭೆಯಲ್ಲಿ ಕೂತು ನೀರಿನ ಬಜೆಟ್ ಮಾಡುತ್ತಾರೆ. ಎಷ್ಟು ಮಳೆ ಬಿತ್ತು, ಬಾವಿಗಳಲ್ಲಿ ನೀರು ಎಷ್ಟಿದೆ ಎಂದು ಅಳೆದ ಲೆಕ್ಕ ಎಲ್ಲರ ಮುಂದಿರುತ್ತದೆ. ಜನಕ್ಕೆ, ದನಕರುಗಳಿಗೆ ಕುಡಿಯಲು ಬೇಕಾದದ್ದನ್ನು ಮೊದಲು ತೆಗೆದಿಡುತ್ತಾರೆ. ಉಳಿದದ್ದಕ್ಕೆ ತಕ್ಕಂತೆ ಬೆಳೆ. ಬೇಸಾಯಕ್ಕೆ ಬೋರ್‌ವೆಲ್ ಕೊರೆಯುವಂತಿಲ್ಲ, ಕಬ್ಬು ಹಾಕುವಂತಿಲ್ಲ, ಹೊರಗಿನವರಿಗೆ ಜಮೀನು ಮಾರುವಂತಿಲ್ಲ. ಇದೆಲ್ಲ ಊರೇ ಹಾಕಿಕೊಂಡ ಕಟ್ಟುಪಾಡು. 1990ರ ಸುಮಾರಿಗೆ ಪೋಪಟರಾವ್ ಪವಾರ್ ಸರಪಂಚರಾದಾಗ (ಗ್ರಾಮ ಪಂಚಾಯ್ತಿ ಅಧ್ಯಕ್ಷರಾದಾಗ) ಜನ ಗುಳೆ ಹೋಗುತ್ತಿದ್ದ ಊರಿದು. ಆಮೇಲೆ ಎಷ್ಟೋ ಸಂಸಾರಗಳು ವಾಪಸ್ ಬಂದವು.

ನಮ್ಮ ಕರ್ನಾಟಕದಲ್ಲಿ ಇದಕ್ಕೆ ಉಲ್ಟಾ. ಮೊದಲು ಲೇಔಟ್ ಏಳುತ್ತದೆ, ನೀರಿನ ಮಾತು ಆಮೇಲೆ. 2001ರಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷವಾಯಿತು. ಬಂದವರಿಗೆ ಮನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಮಾಳ, ಗುಂಡುತೋಪು, ರಾಜಕಾಲುವೆ ಅಂದರೆ ಸುಮ್ನೆ ಬಿದ್ದಿರುವ ಜಾಗ ಅಂತ ಯಾರು ಹೇಳಿದ್ದು? ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ಸೇರಬೇಕು. ಮಧ್ಯೆ ಸೈಟು ಮಾಡಿದರೆ ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಅದೇ ಮನೆಗೆ ಟ್ಯಾಂಕರ್ ಬರುತ್ತದೆ.

ಕೂತು ಲೆಕ್ಕ ಹಾಕುವುದು ನಮಗೇನು ಹೊಸದಲ್ಲ. ಕೋಲಾರದ ಕಡೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗೆ ನೀರು ಹಾಯಿಸುವುದು ಅವನ ಕೆಲಸ. ನೀರು ಕಮ್ಮಿಯಾದ ವರ್ಷ ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹಾಯುವ ಜಮೀನಿನಲ್ಲಿ, ಎಷ್ಟು ಭಾಗ ನಾಟಿ ಮಾಡಬಹುದು ಎಂದು ಊರಲ್ಲೇ ತೀರ್ಮಾನವಾಗುತ್ತಿತ್ತು. ಹಾಗಂತ ಹಳೆಯದೆಲ್ಲ ಹಾಗೇ ಮರಳಲಿ ಎನ್ನಲಾರೆ. ನೀರುಗಂಟಿಗಳು ಹೆಚ್ಚಾಗಿ ದಲಿತರು. ರಾತ್ರಿಯೆಲ್ಲ ನೀರು ಕಾದವರು ಅವರು, ಮಾತು ನಡೆದದ್ದು ಗದ್ದೆ ಇದ್ದವರದ್ದು. ಈಗ ಗ್ರಾಮಸಭೆ ಇದೆ. ಜಮೀನಿಲ್ಲದವರೂ ಅಲ್ಲಿ ಎದ್ದು ನಿಂತು ಕೇಳಬಹುದು.

2020ರ ಭೂ ಸುಧಾರಣೆ ತಿದ್ದುಪಡಿಯಾದ ಮೇಲೆ ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಂದ ಮೇಲೆ ಊರಿನ ಕೈಯಲ್ಲಿ ಒಂದು ಹಿಡಿತವಾದರೂ ಇರಬೇಕು, ಅಲ್ವಾ? ಕನ್ವರ್ಷನ್‌ಗೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು, ಅರ್ಜಿ ಬಂದಾಗ ಆ ಊರಿನ ನೀರಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಲೆಕ್ಕ ಕೂಡದಿದ್ದರೆ ಅರ್ಜಿ ಅಲ್ಲೇ ನಿಲ್ಲಲಿ.