ಉದ್ಘಾಟನೆಗೆ ಹೋದವನ ಕೈಗೆ ರಸಮಟ್ಟ

ಇಸ್ತ್ರಿ ಹಾಕಿದ ಅಂಗಿ, ಮೇಲೊಂದು ಕೋಟು, ಕೈಯಲ್ಲಿ ಬೊಕೆ. ಏಳು ಗಂಟೆಗೆ ಫೋಟೋ ಪ್ರದರ್ಶನದ ಉದ್ಘಾಟನೆ ಅಂತ ನಮ್ಮ ಮೇಲಿನ ಮನೆ ಹುಡುಗಿ ಹೇಳಿದ್ದಳು. ನಾನು ಆರೂಕಾಲಿಗೇ ಹಾಜರಾದೆ. ಬೇಗ ಹೋದರೆ ಮೂರನೇ ಸಾಲಿನಲ್ಲಾದರೂ ಒಂದು ಕುರ್ಚಿ ಸಿಗುತ್ತೆ ಅನ್ನೋದು ಹಳೇ ಅಭ್ಯಾಸ. ಒಳಗೆ ಕಾಲಿಟ್ಟರೆ ಕುರ್ಚಿಯೇ ಇಲ್ಲ. ವೇದಿಕೆ ಇಲ್ಲ, ಮೈಕ್ ಇಲ್ಲ, ದೀಪದ ಕಂಬ ಇಲ್ಲ. ಏಣಿಯ ಮೇಲೆ ಒಬ್ಬ ಹುಡುಗ ಬಾಯಲ್ಲಿ ಮೊಳೆ ಕಚ್ಚಿಕೊಂಡು ನಿಂತಿದ್ದ. ಕೆಳಗೆ ಒಬ್ಬಳು ಗೋಡೆಯ ಹಳೇ ತೂತಿಗೆ ಪುಟ್ಟಿ ಮೆತ್ತುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಮೇಲ್ಮನೆ ಹುಡುಗಿ ಬೊಕೆ ಇಸಕೊಂಡು ಬಣ್ಣದ ಬಕೆಟ್ಟಿಗೆ ಇಳಿಬಿಟ್ಟಳು. ನನ್ನ ಕೈಗೆ ಒಂದು ರಸಮಟ್ಟ ಕೊಟ್ಟಳು. "ಫ್ರೇಮಿನ ಮೇಲೆ ಇಟ್ಟು ಹಿಡ್ಕೊಳ್ಳಿ. ಗುಳ್ಳೆ ಮಧ್ಯಕ್ಕೆ ಬಂದಾಗ ಹೇಳಿ."

ಹಾಸನದಲ್ಲಿ ನಮ್ಮ ಮನೆ ಕಟ್ಟುವಾಗ ಗಾರೆ ಮೇಸ್ತ್ರಿ ಕೈಯಲ್ಲಿ ನೋಡಿದ್ದೆ ಅದನ್ನ. ಮುಟ್ಟಲು ಬಿಟ್ಟಿರಲಿಲ್ಲ.

ನಾನಿರೋದು ಜರ್ಮನಿಯ ಎಸ್ಸೆನ್‌ನಲ್ಲಿ. ಕಲ್ಲಿದ್ದಲಿನ ಊರು, ಅಂದರೆ ಒಂದು ಕಾಲಕ್ಕೆ. ಇಲ್ಲಿನ ದೊಡ್ಡ ಗಣಿ ಜೊಲ್‌ಫೆರೈನ್ 1986ರಲ್ಲಿ ಮುಚ್ಚಿತು. 2001ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಪಕ್ಕದ ಬೊಟ್ರೋಪ್‌ನಲ್ಲಿ ಈ ದೇಶದ ನೆಲದಡಿಯ ಕೊನೇ ಕಲ್ಲಿದ್ದಲು ಗಣಿ 2018ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅಂಗಡಿಗಳೂ ಒಂದೊಂದಾಗಿ ಮುಚ್ಚಿದ ಬೀದಿಯಲ್ಲಿ, ಖಾಲಿ ಬಿದ್ದಿದ್ದ ಒಂದು ಮಳಿಗೆಯನ್ನು ಎರಡು ವಾರಕ್ಕೆ ಹಿಡಿದು ಎಂಟು ಜನ ವಿದ್ಯಾರ್ಥಿಗಳು ಈ ಪ್ರದರ್ಶನ ಇಟ್ಟಿದ್ದರು.

ಅದೇ ವಾರ ಹಾಸನದಲ್ಲಿ ನನ್ನ ಅಕ್ಕನ ಮಗಳದ್ದೂ ಫೋಟೋ ಪ್ರದರ್ಶನದ ಓಡಾಟ ನಡೆದಿತ್ತು. ಕಾಲೇಜಿನ ಹನ್ನೆರಡು ಜನ ಸೇರಿ ಮಾಡ್ತಿದ್ದದ್ದು. ದಿನಾ ಫೋನು. "ಮಾವ, ಚೀಫ್ ಗೆಸ್ಟ್ ಡೇಟ್ ಕೊಡ್ತಿಲ್ಲ" ಅಂತ. ನವೆಂಬರ್ ತಿಂಗಳು. ರಾಜ್ಯೋತ್ಸವ ಮುಗಿಯೋವರೆಗೆ ನಮ್ಮೂರಲ್ಲಿ ಯಾವ ಅತಿಥಿ ಕೈಗೆ ಸಿಗ್ತಾರೆ ಹೇಳಿ. ಎಂಟನೇ ತಾರೀಕು ಹೋಗಿ ಹದಿನಾಲ್ಕಾಯಿತು, ಹದಿನಾಲ್ಕು ಹೋಗಿ ಇಪ್ಪತ್ತೆರಡಾಯಿತು. ಆಮಂತ್ರಣ ಪತ್ರಿಕೆ ಎರಡು ಸಲ ಅಚ್ಚಾಯಿತು. ಎರಡನೇ ಸಲ ಒಬ್ಬರ ಹೆಸರಿನ ಮುಂದೆ 'ಶ್ರೀಯುತ' ಬಿಟ್ಟುಹೋಗಿ, ಹುಡುಗರು ಕೂತು ಒಂದೊಂದರ ಮೇಲೂ ಪೆನ್ನಲ್ಲಿ ಬರೆದರಂತೆ.

"ಫೋಟೋ ಆರಿಸಿದ್ರಾ ಪುಟ್ಟಿ?" ಅಂದೆ.

"ಅದು ಆಮೇಲೆ ಮಾವ. ಈಗ ಫ್ಲೆಕ್ಸ್‌ದೇ ತಲೆನೋವು."

ಲೆಕ್ಕ ಕೇಳಿದೆ. ತಲೆಗೆ 700 ರೂಪಾಯಿಯಂತೆ 8,400 ಕೂಡಿತ್ತು. ಎರಡು ಫ್ಲೆಕ್ಸಿಗೆ 1,900. ಮೂವರು ಅತಿಥಿಗಳಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಮೆಮೆಂಟೊ ಅಂತ 2,700. ಶಾಮಿಯಾನದವರ ಕುರ್ಚಿ, ಬಟ್ಟೆ ಸುತ್ತಿದ ಬೋರ್ಡು 1,500. ಮೈಕ್‌ಸೆಟ್ 1,000. ಫೋಟೋ ಪ್ರಿಂಟ್ ಹಾಕಿಸೋಕೆ ಉಳಿದದ್ದು 1,300. ಅದರಲ್ಲಿ ಎಂಟು ಹನ್ನೆರಡರ ಸೈಜಿನ ಗ್ಲಾಸಿ ಪ್ರಿಂಟು, ಫ್ರೇಮಿಲ್ಲ, ಹಿಂದುಗಡೆ ಡಬಲ್ ಸೈಡ್ ಟೇಪು. ಫ್ಲೆಕ್ಸಿನ ಡಿಸೈನು ವಾಟ್ಸಾಪಿನಲ್ಲಿ ಕಳಿಸಿದಳು. ಮುಖ್ಯ ಅತಿಥಿ ಕೈ ಮುಗಿದು ನಿಂತಿದ್ದಾರೆ, ಹತ್ತಡಿ ಎತ್ತರ. ಇಡೀ ಪ್ರದರ್ಶನದ ಅತಿ ದೊಡ್ಡ ಫೋಟೋ ಅದೇ. ಸಿಟ್ಟು ಬಂತು.

ಇಲ್ಲಿ ನಡೆದದ್ದನ್ನು ಹೇಳ್ತೀನಿ ಕೇಳಿ. ಮೇಲ್ಮನೆ ಹುಡುಗಿ ತೆಗೆದದ್ದು ಪಾರಿವಾಳ ಸಾಕುವವರ ಫೋಟೋಗಳು. ಗಣಿ ಕೆಲಸಗಾರರು ಹಿತ್ತಲಲ್ಲಿ ಗೂಡು ಕಟ್ಟಿ ರೇಸಿನ ಪಾರಿವಾಳ ಸಾಕೋದು ಈ ಕಡೆಯ ಹಳೇ ಹವ್ಯಾಸ. ಬಡವರ ರೇಸ್ ಕುದುರೆ ಅಂತಲೇ ಅವಕ್ಕೆ ಹೆಸರು. ಈಗ ಸಾಕೋರೆಲ್ಲ ಮುದುಕರೇ. ಒಂದು ತಿಂಗಳಿಂದ ಅವಳ ಮನೆಯೊಳಗಿನ ಪಡಸಾಲೆ ಗೋಡೆ ಮೇಲೆ ಹನ್ನೆರಡು ಫೋಟೋ ಮಾಮೂಲಿ ಕಾಗದದ ಮೇಲೆ ಪ್ರಿಂಟಾಗಿ ಅಂಟಿಕೊಂಡಿದ್ದವು. ನಾನು ನೀರಿನ ಬಿಲ್ ಕೇಳೋಕೆ ಹೋದಾಗಲೆಲ್ಲ ಒಂದೊಂದು ಜಾಗ ಬದಲಾಗಿರ್ತಿತ್ತು. ಒಂದು ದಿನ ಹನ್ನೊಂದು, ಇನ್ನೊಂದು ದಿನ ಎಂಟು. ಕೊನೆಗೆ ಐದು. ಬೆಳಗಿನ ಬಿಸಿಲಲ್ಲಿ ಪಾರಿವಾಳ ರೆಕ್ಕೆ ಬಿಚ್ಚಿದ್ದ ಫೋಟೋ ನನಗೆ ಎಲ್ಲಕ್ಕಿಂತ ಇಷ್ಟವಾಗಿತ್ತು. ಅದೂ ಹೋಗಿತ್ತು. ಯಾಕಮ್ಮ ಅಂದರೆ, "ಅದು ಪಕ್ಕದ ಫೋಟೋನ ತಿಂದುಹಾಕುತ್ತೆ" ಅಂದಳು. ಪಕ್ಕದ್ದು ಅಂದರೆ ಅವಳದ್ದಲ್ಲ, ಗೆಳತಿಯದು! ತನ್ನ ಒಳ್ಳೇ ಫೋಟೋವನ್ನು ಇನ್ನೊಬ್ಬರಿಗೋಸ್ಕರ ಕೆಳಗಿಳಿಸುವವರನ್ನು ನಾನು ನಮ್ಮ ಕಡೆ ಕಂಡಿಲ್ಲ.

ಗೋಡೆಗೆ ಹಾಕೋದರಲ್ಲೂ ಅಷ್ಟೇ ಹಠ. ನೆಲದಿಂದ ಫೋಟೋದ ನಡುಮಧ್ಯಕ್ಕೆ 150 ಸೆಂಟಿಮೀಟರ್ ಅಂತ ಗೊತ್ತು ಮಾಡಿಕೊಂಡಿದ್ದರು. ಫ್ರೇಮಿನ ಎತ್ತರ 60 ಆದರೆ ಮೇಲಂಚು 180ಕ್ಕೆ ಬರುತ್ತೆ. ಹಿಂದಿನ ತಂತಿಯನ್ನು ಬೆರಳಲ್ಲಿ ಎಳೆದಾಗ ಅದು ಮೇಲಂಚಿಗಿಂತ 8 ಕೆಳಗಿದ್ದರೆ ಮೊಳೆ 172ಕ್ಕೆ. ಹೀಗೆ ಒಂದೊಂದಕ್ಕೂ ಗೋಡೆ ಮೇಲೆ ಪೆನ್ಸಿಲ್ ಲೆಕ್ಕ. ನಾನು ರಸಮಟ್ಟ ಹಿಡಿದು "ಬಲಗಡೆ ಒಂಚೂರು... ಇನ್ನೊಂಚೂರು... ಹಾಂ" ಅಂತಿದ್ದೆ. ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಾಗ ಏನೋ ಖುಷಿ. ಏಳಕ್ಕೆ ಐದು ನಿಮಿಷ ಇರುವಾಗ ಏಣಿ ಮಡಚಿದರು.

ಏಳಕ್ಕೆ ಸರಿಯಾಗಿ ಬಾಗಿಲು ತೆಗೆದರು. ಒಬ್ಬ ಹುಡುಗ ಮೂರು ನಿಮಿಷ ಮಾತಾಡಿದ. ಬಂದದ್ದಕ್ಕೆ ಥ್ಯಾಂಕ್ಸ್, ಬಿಯರ್ ಹಿಂದುಗಡೆ ಇದೆ, ಡಬ್ಬಿಗೆ ಕೈಲಾದಷ್ಟು ಹಾಕಿ. ಮುಗೀತು. ಪ್ರಾರ್ಥನೆ ಇಲ್ಲ, ಸ್ವಾಗತ ಭಾಷಣ ಇಲ್ಲ, ನಿರೂಪಣೆಯವಳ ಕವನ ಇಲ್ಲ. ನನಗಂತೂ ಹಿತವಾಯಿತು. ಜನ ಫೋಟೋ ನೋಡಿದರು. ನಿಜಕ್ಕೂ ನೋಡಿದರು. ಒಬ್ಬಾತ ಒಂದೇ ಪಾರಿವಾಳದ ಗೂಡಿನ ಮುಂದೆ ಹತ್ತು ನಿಮಿಷ ನಿಂತಿದ್ದ. ಆಮೇಲೆ ಹುಡುಗಿಯ ಮುಖಕ್ಕೇ ಹೇಳಿದ, ಮೂರನೇದು ಬೇಡವಾಗಿತ್ತು ಅಂತ. ಅವಳು ಬೇಜಾರು ಮಾಡ್ಕೊಳ್ಳಲಿಲ್ಲ. ನಾಲ್ಕನೇದರ ಜೊತೆ ಅದನ್ನ ಯಾಕಿಟ್ಟೆ ಅಂತ ವಿವರಿಸಿದಳು. ನಮ್ಮಲ್ಲಿ "ಸೂಪರ್ ಮಗಾ" ಅಂತ ಬೆನ್ನು ತಟ್ಟಿ ಮುಂದಕ್ಕೆ ಹೋಗ್ತೀವಿ. ಮುಖ್ಯ ಅತಿಥಿಯಂತೂ ರಿಬ್ಬನ್ ಕತ್ತರಿಸಿ, ಹಿಂದೆ ಇಪ್ಪತ್ತು ಜನರನ್ನ ಕಟ್ಟಿಕೊಂಡು ಐದು ನಿಮಿಷದಲ್ಲಿ ಒಂದು ಸುತ್ತು ಹೊಡೆದು, ಉಪ್ಪಿಟ್ಟು ಕೇಸರಿಬಾತಿನ ಕಡೆ ತಿರುಗ್ತಾರೆ.

ನಮ್ಮಲ್ಲಿ ಫೋಟೋಗ್ರಫಿ ಇಲ್ಲ ಅಂತಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಹಕ್ಕಿ, ಪ್ರಾಣಿಗಳನ್ನು ತೆಗೆದ ರೀತಿಗೆ ಹೊರದೇಶದವರೂ ತಲೆದೂಗಿದ್ದಾರೆ. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನ ಫೋಟೋಗೂ ಅಷ್ಟೇ ಹೆಸರಾದವರು. ಆದರೆ ಅದರಿಂದ ಒಂದು ತೊಂದರೆಯೂ ಆಗಿದೆ ಅನ್ಸುತ್ತೆ. ಫೋಟೋ ಅಂದ್ರೆ ಮಿಂಚುಳ್ಳಿ, ಫೋಟೋ ಅಂದ್ರೆ ಸೂರ್ಯಾಸ್ತ, ಇಲ್ಲಾಂದ್ರೆ ಸುಕ್ಕುಗಟ್ಟಿದ ಮುಖದ ಅಜ್ಜಿ. ಅಕ್ಕನ ಮಗಳು ತೆಗೆದದ್ದು ಟೆರೇಸಿನ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕುಗಳು. ಹತ್ತು ಮನೆ, ಹತ್ತು ಟ್ಯಾಂಕು, ಎಲ್ಲ ಒಂದೇ ದೂರದಿಂದ, ಮೋಡ ಕವಿದ ದಿನ. ಅವರ ಕಾಲೇಜಿನ ಮೇಷ್ಟ್ರೊಬ್ಬರು "ಇದರಲ್ಲಿ ಏನಿದೆಯಮ್ಮ?" ಅಂದರಂತೆ.

ಅವನ್ನ ಫೋನಿನಲ್ಲಿ ಇಲ್ಲಿನ ಹುಡುಗರಿಗೆ ತೋರಿಸಿದೆ. ಎಂಟೂ ಜನ ಮುತ್ತಿಕೊಂಡರು. ಕಾರಣ ಇದೆ. ಬರ್ನ್ಡ್ ಮತ್ತು ಹಿಲ್ಲಾ ಬೆಹರ್ ಅಂತ ಗಂಡ ಹೆಂಡತಿ ಇದೇ ಸೀಮೆಯಲ್ಲಿ ನೀರಿನ ಟ್ಯಾಂಕು, ಗಣಿಯ ಗೋಪುರ, ಗ್ಯಾಸ್ ಟ್ಯಾಂಕುಗಳನ್ನೇ ಮೋಡದ ದಿನ ಕಾದು ತೆಗೆದು ಸಾಲು ಸಾಲಾಗಿ ಜೋಡಿಸಿದವರು. 1990ರಲ್ಲಿ ವೆನಿಸ್‌ನಲ್ಲಿ ಅವರಿಗೆ ದೊಡ್ಡ ಪ್ರಶಸ್ತಿ ಬಂತು. ತಮಾಷೆ ಅಂದರೆ, ಅದು ಶಿಲ್ಪಕಲೆಯ ಪ್ರಶಸ್ತಿ. ಬರ್ನ್ಡ್ 1976ರಿಂದ ಪಕ್ಕದ ಡುಸೆಲ್‌ಡಾರ್ಫ್‌ನಲ್ಲಿ ಪಾಠ ಮಾಡಿದರು. ಈ ಸೀಮೆಯ ಹುಡುಗರಿಗೆ ಅವರ ಹೆಸರು ಕೇಳಿ ಕೇಳಿ ಸಾಕಾಗಿದೆ. ನಮ್ಮ ಹುಡುಗಿ ಆ ಹೆಸರೇ ಕೇಳಿರಲಿಲ್ಲ. ಮನೆ ಟೆರೇಸಿನಲ್ಲಿ ಬಟ್ಟೆ ಒಣಗಿಸ್ತಾ ಸುತ್ತ ನೋಡಿದ್ದಾಳೆ, ಅಷ್ಟೇ. ಆ ಕಣ್ಣಿಗೆ ಎಂಟು ಹನ್ನೆರಡರ ಗ್ಲಾಸಿ ಪ್ರಿಂಟು, ಹಿಂದೆ ಟೇಪು.

ಇಷ್ಟು ಬರೆದು ನಿಲ್ಲಿಸಿಬಿಡೋಣ ಅಂತಿದ್ದೆ. ಆದರೆ ಅವತ್ತು ರಾತ್ರಿಯ ಒಂದೆರಡು ಸಂಗತಿ ಗಂಟಲಲ್ಲಿ ಸಿಕ್ಕಿಕೊಂಡಿವೆ.

ಐದು ಫೋಟೋಗಳಲ್ಲಿ ಎರಡರಲ್ಲಿ ಒಬ್ಬರೇ ಅಜ್ಜ ಇದ್ದಾರೆ. ಭುಜದ ಮೇಲೆ ಪಾರಿವಾಳ. ಅವರ ಸಹಿ ಇರುವ ಒಪ್ಪಿಗೆ ಪತ್ರವನ್ನು ಹುಡುಗಿ ಫೈಲಿನಲ್ಲಿ ಜೋಪಾನ ಮಾಡಿದ್ದಳು. ಇಲ್ಲಿ ಒಪ್ಪಿಗೆ ಇಲ್ಲದೆ ಒಬ್ಬರ ಮುಖವನ್ನು ಹೀಗೆ ಗೋಡೆಗೆ ಹಾಕುವಂತಿಲ್ಲ. 1907ರ ಕಾನೂನು. 1898ರಲ್ಲಿ ಈ ದೇಶದ ಹಳೇ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಫೋಟೋಗ್ರಾಫರುಗಳು ರಾತ್ರಿ ಅವನ ಕೋಣೆಗೆ ನುಗ್ಗಿ ಹೆಣದ ಫೋಟೋ ತೆಗೆದಿದ್ದರು. ಆ ಗಲಾಟೆಯ ಬೆನ್ನಿಗೆ ಬಂದ ಕಾನೂನು ಅದು. ಒಳ್ಳೇದೇ. ನಮ್ಮ ಸುಕ್ಕುಮುಖದ ಅಜ್ಜಿಯರ ಹೆಸರನ್ನೂ ಯಾರೂ ಕೇಳಿರೋದಿಲ್ಲ. "ಈ ಅಜ್ಜ ಬಂದಿದ್ದಾರಾ?" ಅಂತ ಸುಮ್ನೆ ಕೇಳಿದೆ. ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರಿಗೆ ಇದರಲ್ಲೆಲ್ಲ ಆಸಕ್ತಿ ಇರಲ್ಲ" ಅಂದಳು. ಮನೆ ಎಲ್ಲಿ ಅಂದೆ. 107ನೇ ನಂಬರ್ ಟ್ರಾಮಿನಲ್ಲಿ ಕಾಲು ಗಂಟೆ.

ಅಲ್ಲಿದ್ದವರು ಸುಮಾರು ಅರವತ್ತು ಜನ. ಎಲ್ಲರೂ ಕಪ್ಪು ಬಟ್ಟೆ, ಎಲ್ಲರೂ ಫೋಟೋ ಗೊತ್ತಿರುವವರೇ. ಏಣಿ ಕೊಟ್ಟದ್ದು ಪಕ್ಕದ ಕಬಾಬ್ ಅಂಗಡಿಯಾತ. ಗಾಜಿನಾಚೆ ಅವನು ಈರುಳ್ಳಿ ಹೆಚ್ಚುತ್ತಾ ಒಂದೆರಡು ಸಲ ಈ ಕಡೆ ನೋಡಿದ. ಯಾರೂ ಕರೆಯಲಿಲ್ಲ. ಕರೆಯಬಾರದು ಅಂತಲ್ಲ, ಹೊಳೆಯಲಿಲ್ಲ. ನನಗೂ ಮನೆಗೆ ಬಂದ ಮೇಲೇ ಹೊಳೆದದ್ದು. ಎರಡು ಗಂಟೆ ನಿಂತಿದ್ದೆ. ರಸಮಟ್ಟ ವಾಪಸ್ ಕೊಟ್ಟ ಮೇಲೆ ನನ್ನನ್ನೂ ಯಾರೂ ತಾವಾಗಿ ಮಾತಾಡಿಸಿರಲಿಲ್ಲ.

ಇಪ್ಪತ್ತೆರಡಕ್ಕೆ ಹಾಸನದ ಉದ್ಘಾಟನೆ ಆಯಿತು. ಮುಖ್ಯ ಅತಿಥಿ ಒಂದೂವರೆ ಗಂಟೆ ತಡ. ಭಾಷಣ ನಲವತ್ತು ನಿಮಿಷ, ಅದರಲ್ಲಿ ಫೋಟೋ ಬಗ್ಗೆ ಒಂದು ವಾಕ್ಯ. ಅಕ್ಕ ಪೂರ್ತಿ ವಿಡಿಯೊ ಕಳಿಸಿದ್ದಳು. ಬೈಕೊಂಡೇ ನೋಡಿದೆ. ವಂದನಾರ್ಪಣೆ ಬಂದಾಗ ಮಾಮೂಲಿನಂತೆ ಓಡಿಸೋಕೆ ಹೋದೆ. ಬೆರಳು ನಿಂತಿತು. ಶಾಮಿಯಾನದವರು, ಮೈಕ್‌ಸೆಟ್‌ನವರು, ಬೋರ್ಡು ಹೊತ್ತ ಅಟೆಂಡರು, ಭಾನುವಾರ ಬೀಗ ತೆಗೆದುಕೊಟ್ಟ ವಾಚ್‌ಮನ್ನು, ಏಣಿ ಕೊಟ್ಟ ಎಲೆಕ್ಟ್ರಿಷಿಯನ್ನು. ಒಬ್ಬೊಬ್ಬರ ಹೆಸರೂ ಬಂತು. ಹೆಸರು ಬಂದವರು ಕುಟುಂಬ ಸಮೇತ ಅಲ್ಲೇ ಇದ್ದರು. ಹಾಲ್ ತುಂಬಿ ಹೊರಗೂ ಜನ ನಿಂತಿದ್ದರು. ಉಪ್ಪಿಟ್ಟಿಗೆ ಬಂದಿರಬಹುದು. ಬಂದಿರಲಿ ಬಿಡಿ.

ಕೊನೆಯಲ್ಲಿ ಅಕ್ಕ ಮಗಳ ಫೋಟೋಗಳ ಕಡೆ ಫೋನು ತಿರುಗಿಸಿದ್ದಾಳೆ. ಅವರ ಬೀದಿಯ ನಲ್ಲಿ ರಿಪೇರಿಯವರು ಟ್ಯಾಂಕುಗಳ ಮುಂದೆ ನಿಂತಿದ್ದಾರೆ. ಒಂದೊಂದನ್ನೂ ಬಗ್ಗಿ ನೋಡ್ತಿದ್ದಾರೆ. "ಇದು ಟೀಚರಮ್ಮನ ಮನೇದು. ನಾನೇ ಕೂರಿಸಿದ್ದು" ಅಂದರು. ಮುಂದಿನದಕ್ಕೆ ಹೋದರು. ಗೋಡೆ ಮೇಲಿನ ನೀರಿನ ಕಲೆಯನ್ನು ಬೆರಳಲ್ಲಿ ತೋರಿಸಿ, "ನೋಡವ್ವ, ಇದರ ಬಾಲ್ ವಾಲ್ವ್ ಹೋಗದೆ. ಯಾರ ಮನೆದು ಇದು? ನೀರು ಸುಮ್ನೆ ಹರೀತಾ ಅದೆ" ಅಂದರು. ಅಷ್ಟರಲ್ಲಿ ಯಾರೋ ಫ್ಯಾನ್ ಹಾಕಿದರು. ಏಳನೇ ಟ್ಯಾಂಕು ಬೋರ್ಡಿನಿಂದ ಕಳಚಿ ಕೆಳಗೆ ಬಿತ್ತು. ಅವರೇ ಎತ್ತಿಕೊಂಡು, ಪಂಚೆಗೆ ಒರೆಸಿ, ಮತ್ತೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿದರು. ಸ್ವಲ್ಪ ಎಡಕ್ಕೆ ಓರೆಯಾಗಿತ್ತು.