ರಿಯಾಯಿತಿಯ ರಿಯಾಯಿತಿ

ಊರಹಬ್ಬಕ್ಕೆ ವಂತಿಗೆ ಎತ್ತಲು ಹೋದವರಿಗೆ ಗೊತ್ತು. ಪುಸ್ತಕ ಬಿಚ್ಚಿದ ಕೂಡಲೇ ದೊಡ್ಡಮನೆ ಯಜಮಾನರು ಕೇಳುವುದು ಒಂದೇ: “ಎದುರುಮನೆಯವರು ಎಷ್ಟು ಬರೆಸಿದರು?” ಐರೋಪ್ಯ ಒಕ್ಕೂಟವೆಂದರೆ ಈ ಪ್ರಶ್ನೆಯನ್ನು 24 ಅಧಿಕೃತ ಭಾಷೆಗಳಲ್ಲಿ ಕೇಳುವ ಏರ್ಪಾಡು.

ಜಗಳಕ್ಕೆ ರಂಗೇರಿಸಿದವರು ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಆಯಮ್ಮನ ತಕರಾರಿನಲ್ಲಿ ನ್ಯಾಯವೂ ಇತ್ತು ಅನ್ನಿ. ಸದಸ್ಯ ದೇಶಗಳ ವಂತಿಗೆಯಿಂದ ತುಂಬುವ ಕೂಟದ ಹುಂಡಿಯ ಬಹುಪಾಲು ಕೃಷಿ ಸಬ್ಸಿಡಿಗೆ ಸುರಿಯುತ್ತಿದ್ದ ಕಾಲ. ಬ್ರಿಟನ್ನಿನಲ್ಲೋ ರೈತರೇ ಕಮ್ಮಿ. 1984ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಪಂಚಾಯಿತಿ ಕೂತು ತೀರ್ಮಾನಿಸಿತು: ಬ್ರಿಟನ್ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರುವ ಅಂತರದಲ್ಲಿ 66% ವಾಪಸ್.

ವಾಪಸ್ ಕೊಡುವ ದುಡ್ಡು ಯಾರದು? ಮಿಕ್ಕವರದು. ಆಗ ಜರ್ಮನಿ ಗೊಣಗಿತು: ಇವರ ರಿಯಾಯಿತಿಗೆ ನಾವು ಸುರಿಯುವ ಹಣದಲ್ಲಿ ನಮಗೂ ಒಂದಿಷ್ಟು ರಿಯಾಯಿತಿ ಬೇಡವೇ? ಸಿಕ್ಕಿತು. ನೋಡಿಕೊಂಡು ಸುಮ್ಮನಿರಲು ನೆದರ್ಲೆಂಡ್ಸ್, ಆಸ್ಟ್ರಿಯಾ, ಸ್ವೀಡನ್ನಿಗೇನು ಹುಚ್ಚೇ? 2002ರಿಂದ ಈ ನಾಲ್ವರೂ ತಮ್ಮ ಪಾಲಿನ ಕಾಲುಭಾಗ ಕೊಟ್ಟು ಕೈತೊಳೆದುಕೊಂಡರು. ಉಳಿದದ್ದು ಫ್ರಾನ್ಸ್, ಇಟಲಿ ಮೊದಲಾದವರ ತಲೆಗೆ. 2007ರಲ್ಲಿ ಒಳಗೆ ಬಂದ, ಕೂಟದಲ್ಲೇ ಕಡುಬಡವನಾದ ಬಲ್ಗೇರಿಯಾ ಕೂಡ ಬ್ರಿಟನ್ನಿನ ರಿಯಾಯಿತಿಗೆ ತನ್ನ ಪಾಲು ಎಣಿಸಿಕೊಟ್ಟಿತು. ಕೂಲಿಯವನ ವಂತಿಗೆಯಲ್ಲಿ ಸಾಹುಕಾರನಿಗೆ ಚಿಲ್ಲರೆ!

2020ರ ಜನವರಿ 31ರಂದು ಬ್ರಿಟನ್ ಮನೆಬಿಟ್ಟು ಹೋಯಿತು. ಮೂಲ ರಿಯಾಯಿತಿಯೇ ಹೋದ ಮೇಲೆ ಅದರ ಮರಿಗಳೂ ಹೋಗಬೇಕಲ್ಲ? ಅದೇ ಜುಲೈನಲ್ಲಿ ಮುಖಂಡರು ಮಾಸ್ಕ್ ಕಟ್ಟಿಕೊಂಡು ಬ್ರಸೆಲ್ಸ್‌ನಲ್ಲಿ ನಾಲ್ಕು ಹಗಲು ನಾಲ್ಕು ರಾತ್ರಿ ಗುದ್ದಾಡಿದರು. ಮರಿಗಳು ದಷ್ಟಪುಷ್ಟವಾಗಿ ಹೊರಬಂದವು: 2027ರವರೆಗೆ ವರ್ಷಕ್ಕೆ ಜರ್ಮನಿಗೆ 367.1 ಕೋಟಿ ಯೂರೋ, ನೆದರ್ಲೆಂಡ್ಸ್‌ಗೆ 192.1 ಕೋಟಿ. ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್‌ಗೂ ಅವರವರ ಮುಖ ನೋಡಿ. ಜರ್ಮನಿಯೊಂದನ್ನು ಬಿಟ್ಟು ಈ ಪೈಕಿ ನಾಲ್ವರಿಗೆ ಪತ್ರಿಕೆಗಳು ಇಟ್ಟ ಹೆಸರು ‘ಮಿತವ್ಯಯಿಗಳು’. ಇಷ್ಟೂ ರಂಪ ಒಟ್ಟು ರಾಷ್ಟ್ರೀಯ ಆದಾಯದ ಸುಮಾರು ನೂರಕ್ಕೊಂದು ಭಾಗದ ಹುಂಡಿಗಾಗಿ.

ಇಷ್ಟು ಬಿಗಿಮುಷ್ಟಿಯವರ ಸಂಸತ್ತು ಮಾತ್ರ ವರ್ಷಕ್ಕೆ 12 ಸಲ ಬ್ರಸೆಲ್ಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಗಂಟುಮೂಟೆ ಕಟ್ಟುತ್ತದೆ. ಈ ತಿರುಗಾಟ ನಿಲ್ಲಿಸಿದರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿದೀತೆಂದು ಒಕ್ಕೂಟದ ಲೆಕ್ಕಪರಿಶೋಧಕರೇ 2014ರಲ್ಲಿ ಹೇಳಿದರು. ನಿಲ್ಲಿಸಲು ಎಲ್ಲ ದೇಶಗಳೂ ಒಪ್ಪಬೇಕು. ಸ್ಟ್ರಾಸ್‌ಬರ್ಗ್ ಇರುವುದು ಫ್ರಾನ್ಸಿನಲ್ಲಿ. ಹಾಗಾಗಿ ಕಡತದ ಪೆಟ್ಟಿಗೆಗಳು ಲಾರಿ ಹತ್ತುತ್ತಲೇ ಇವೆ. ಬಾಡಿಗೆ ಯಾರ ಲೆಕ್ಕಕ್ಕೆ ಅಂತ ಮಾತ್ರ ಗಟ್ಟಿಯಾಗಿ ಕೇಳಬೇಡಿ, ಅದಕ್ಕೂ ಯಾರಾದರೂ ರಿಯಾಯಿತಿ ಕೇಳಿಯಾರು.