ಟಿಸಿ ಎಣ್ಣೆ ಮೈಗೆ ಹಚ್ಚಬೇಡಿ

ನಿನ್ನೆ ಹೊನ್ನಾಳಿ ಕಡೆ ದೊಡ್ಡಮ್ಮನ ಊರಿಗೆ ಹೋಗಿದ್ದೆ. ಜಗಲಿ ಮೇಲೆ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಹಳೇ ಕ್ವಾರ್ಟರ್ ಬಾಟ್ಲಿ, ಬಾಯಿಗೆ ಬಟ್ಟೆ ತುರುಕಿದ್ದು. ಬೇವಿನೆಣ್ಣೆ ಇರಬೇಕು ಅಂದುಕೊಂಡೆ. "ಅಲ್ಲಪ್ಪಾ, ಟಿಸಿ ಎಣ್ಣೆ. ತೋಟದ ಟಿಸಿ ಸುಟ್ಟಿತ್ತಲ್ಲ, ಆಗ ಇಳಿಸಿಕೊಂಡಿದ್ದು" ಅಂದರು. ಟಿಸಿ ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್. ಅದೇ ಕೈಯನ್ನು ಮೊಮ್ಮಗು ಹಿಡಿದು ಎಳೆಯುತ್ತಿತ್ತು. ನನ್ನ ಎದೆ ಧಸಕ್ ಅಂತು.

ಅದು ಮದ್ದಲ್ಲ ಕಣ್ರೀ. ಹಿಂದೆ ಎಷ್ಟೋ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಿಗೆ ಪಿಸಿಬಿ ಅನ್ನೋ ಕ್ಲೋರಿನ್ ಸೇರಿದ ರಾಸಾಯನಿಕ ತುಂಬುತ್ತಿದ್ದರು. ಬೇಗ ಬೆಂಕಿ ಹತ್ತಲ್ಲ, ಕಾದರೂ ಸುಲಭಕ್ಕೆ ಕೆಡಲ್ಲ ಅಂತ. ಆ ಕೆಡದ ಗುಣವೇ ಈಗ ಕುತ್ತಿಗೆಗೆ ಬಂದಿದೆ. ಮಣ್ಣಿಗೆ ಬಿದ್ದರೆ ಎಷ್ಟೋ ವರ್ಷ ಹಾಗೇ ಇರುತ್ತೆ. ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕೂರುತ್ತೆ. ಕೆಸರಿನ ಹುಳದಿಂದ ಮೀನಿಗೆ, ಮೀನಿನಿಂದ ನಮಗೆ, ತಾಯಿ ಹಾಲಿನಿಂದ ಮಗುವಿಗೆ. ಚರ್ಮದಿಂದಲೂ ಒಳಗಿಳಿಯುತ್ತೆ. ಇದು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲೇ ಹೇಳಿದೆ.

1968ರಲ್ಲಿ ಜಪಾನಿನಲ್ಲಿ ಇದೇ ಪಿಸಿಬಿ ತೌಡಿನ ಎಣ್ಣೆಗೆ ಸೋರಿತ್ತು. ನಮ್ಮ ಅಡುಗೆಮನೆಯಲ್ಲೂ ಇರುವ ಅದೇ ತೌಡಿನ ಎಣ್ಣೆ. ತಿಂದವರ ಮೈಮೇಲೆ ಕಪ್ಪು ಮೊಡವೆ ಎದ್ದವು. ಕೆಲವು ಬಸುರಿಯರಿಗೆ ಕಪ್ಪಗಾದ ಚರ್ಮದ ಕೂಸುಗಳು ಹುಟ್ಟಿದವು.

"ಈಗಿನ ಟಿಸಿಯಲ್ಲಿ ಬರೀ ಮಿನರಲ್ ಆಯಿಲ್ ಇರೋದು" ಅಂತ ಲೈನ್‌ಮನ್ ಗೆಳೆಯ ವಾದ ಮಾಡಿದ. ಸರಿ, ಬಹುಪಾಲು ಅದೇ. ಆದರೆ ರಿಪೇರಿ ಮಾಡುವಾಗ ಒಂದರ ಎಣ್ಣೆ ಸೋಸಿ ಇನ್ನೊಂದಕ್ಕೆ ಹಾಕಿದರೆ ಹಳೇ ವಿಷ ಹೊಸದಕ್ಕೂ ಬೆರೆಯುತ್ತೆ, ಅಲ್ವಾ? ನೋಡಿದರೆ, ಮೂಸಿದರೆ ಗೊತ್ತಾಗಲ್ಲ, ಲ್ಯಾಬಿಗೇ ಕೊಡಬೇಕು. 2025ರ ಕೊನೆಗೆ ಪಿಸಿಬಿ ಬಳಕೆ ಪೂರ್ತಿ ನಿಲ್ಲಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಆದೇಶ ಮಾಡಿತ್ತು. ಆ ಸುದ್ದಿ ದೊಡ್ಡಮ್ಮನ ಜಗಲಿಗೆ ಯಾಕೆ ಮುಟ್ಟಲಿಲ್ಲ? ನನ್ನ ಸಿಟ್ಟು ಇದಕ್ಕೇ.

ಒಂದು ಮಾತು ಹೇಳಲೇಬೇಕು. ಹೈಸ್ಕೂಲಿನಲ್ಲಿದ್ದಾಗ ಅಜ್ಜಿಗೆ ಸೀಸೆ ತುಂಬ ಈ ಎಣ್ಣೆ ತಂದುಕೊಟ್ಟವನು ನಾನೇ. ಕಾಲಿಗೆ ತಿಕ್ಕಿದ್ದೂ ನಾನೇ. ನಿನ್ನೆಯಿಂದ ಅದೇ ನೆನಪಾಗುತ್ತಿದೆ.

ಬಾಟ್ಲಿ ಕಿತ್ತುಕೊಂಡು ಬಂದೆ. ಹಳ್ಳಕ್ಕೆ ಸುರಿದರೆ ತುಂಗಭದ್ರೆಗೆ ಹೋಗುತ್ತೆ. ಒಲೆಗೆ ಹಾಕಿದರೆ ಡಯಾಕ್ಸಿನ್ ಅನ್ನೋ ಇನ್ನೂ ಕೆಟ್ಟ ವಿಷ ಹುಟ್ಟಬಹುದು. ಬಿರಡೆ ಬಿಗಿದು ದಾವಣಗೆರೆ ಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ, ನಾಳೆ ವಿದ್ಯುತ್ ಕಚೇರಿಗೆ ಒಯ್ಯುತ್ತೇನೆ. "ಹಂಗಾರೆ ನೋವಿಗೆ ಏನು ಹಚ್ಚಲಪ್ಪಾ?" ಅಂದರು ದೊಡ್ಡಮ್ಮ. ಶನಿವಾರ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.